ಹಿಸ್ಸೆಗೆ ಬಂದ ಓಟು

ಎಡಗೈ ತೋರುಬೆರಳಿಗೆ ಬೆಳಿಗ್ಗೆ ಹಚ್ಚಿದ ಶಾಯಿ ಸಂಜೆಯಾಗುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗಿದೆ. ಅಕ್ಕಿ ತೊಳೆಯುವಾಗ ಅದರ ಔಷಧಿಯಂಥ ವಾಸನೆ ಮೂಗಿಗೆ ಬರುತ್ತದೆ. ನಾಳೆ ಓಟಿನ ಎಣಿಕೆ. ಪಕ್ಕದ ಮನೆಯ ಬಾಗಿಲಿನ ಸದ್ದಾದರೆ ಸಾಕು, ನಲ್ಲಿ ನಿಲ್ಲಿಸಿ ಉಸಿರು ಬಿಗಿಹಿಡಿದು ನಿಲ್ಲುತ್ತೇನೆ. ಅರವತ್ತು ದಾಟಿದವಳು, ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಪೌರನೀತಿ ಹೇಳಿಕೊಟ್ಟವಳು, ನನ್ನದೇ ಅಡುಗೆಮನೆಯಲ್ಲಿ ಕಳ್ಳಿಯ ಹಾಗೆ ಅಡಗಿ ನಿಂತಿದ್ದೇನೆ. ಯಾಕೆಂದು ನಿಮಗಾದರೂ ಹೇಳಿಬಿಡುತ್ತೇನೆ.

ಮುಂಬಯಿಯ ದಾದರಿನಲ್ಲಿ ಒಂದೊಂದೇ ಕೋಣೆಯ ಮನೆಗಳ ನಮ್ಮ ಚಾಳು ಕೆಡವಿದ ಮೇಲೆ ಭಾಂಡುಪ್, ಭಾಂಡುಪ್ ಆದ ಮೇಲೆ ಮುಲುಂಡ್ ಚೆಕ್‌ನಾಕಾ ದಾಟಿ ಈ ಬಿಲ್ಡಿಂಗು, ಹೀಗೆ ಸರಿಯುತ್ತ ಬಂದವರು ನಾವು. ನಾಕಾದ ಆಚೆ ಮುಂಬಯಿ ಪಾಲಿಕೆ, ಅಲ್ಲಿ ತಲೆಗೊಂದು ಓಟು. ಈಚೆ ಬೇರೆ ಪಾಲಿಕೆ. ಒಂದು ವಾರ್ಡಿಗೆ ನಾಲ್ವರು ಸದಸ್ಯರು, ತಲೆಗೆ ನಾಲ್ಕು ಓಟು. ಸೀಟುಗಳಿಗೆ ಅ, ಬ, ಕ, ಡ ಎಂದು ಮರಾಠಿ ಹೆಸರು. ನಾಲ್ಕೂ ಒತ್ತಿ ಮುಗಿಯುವವರೆಗೆ ಯಂತ್ರ ಬೀಪ್ ಎನ್ನುವುದಿಲ್ಲ.

ಪಕ್ಕದ ಮನೆಯ ವಾರಿಜಕ್ಕ ಉಡುಪಿ ಕಡೆಯವರು. ಗಂಡನಿಗೆ ಅಂಧೇರಿಯಲ್ಲಿ ಸಣ್ಣ ಹೋಟೆಲು. ಅವರ ತಮ್ಮ ಈ ಸಲ ‘ಡ’ ಸೀಟಿಗೆ ಪಕ್ಷೇತರನಾಗಿ ನಿಂತಿದ್ದಾನೆ, ಗುರುತು ಇಸ್ತ್ರಿಪೆಟ್ಟಿಗೆ. ನಿನ್ನೆ ಲಿಫ್ಟಿನ ಎದುರು ವಾರಿಜಕ್ಕ ನನ್ನ ಎರಡೂ ಕೈ ಹಿಡಿದುಕೊಂಡು, “ಮೂರು ನಿಮಗೆ ಬೇಕಾದವರಿಗೆ ಹಾಕಿ ಟೀಚರ್, ನಾನು ಕೇಳುದಿಲ್ಲ. ಕೊನೆಯದ್ದು ಒಂದು ನಮ್ಮ ತಮ್ಮನಿಗೆ ಆಯ್ತಾ? ಕೊನೆಯದ್ದು ಒತ್ತಿ, ಮರೀಬೇಡಿ ಮಾರಾಯ್ರೆ” ಎಂದರು. ಒತ್ತುತ್ತೇನೆ ಎಂದು ಮಾತು ಕೊಟ್ಟೆ.

ಬೆಳಿಗ್ಗೆ ಮತಗಟ್ಟೆಯಲ್ಲಿ ಮೂರು ಒತ್ತಿದೆ. ಸದ್ದಿಲ್ಲ. ಮೇಜಿನ ಹಿಂದಿನ ಹೆಂಗಸು “ಮಾವಶೀ, ಅಜೂನ್ ಏಕ್ ರಾಹಿಲಂಯ” ಎಂದು ಕೂಗಿದಳು. ಇನ್ನೊಂದು ಉಳಿದಿದೆಯಂತೆ. ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು. ನನಗೆ ಯಾರಾದರೂ ಅವಸರ ಮಾಡಿದರೆ ತಲೆಯೇ ಓಡುವುದಿಲ್ಲ. ಕೊನೆಯದ್ದು, ಕೊನೆಯದ್ದು ಎಂದುಕೊಳ್ಳುತ್ತಲೇ ‘ಡ’ ಸೀಟಿನ ಪಟ್ಟಿಯ ಕಟ್ಟಕಡೆಯ ಗುಂಡಿ ಒತ್ತಿಬಿಟ್ಟೆ. ಬೀಪ್ ಆಯಿತು. ಆಮೇಲೆ ಕನ್ನಡಕ ಸರಿ ಮಾಡಿಕೊಂಡು ನೋಡುತ್ತೇನೆ, ಅದರ ಎದುರು ಬರೆದದ್ದು ‘ಮೇಲಿನವರಲ್ಲಿ ಯಾರೂ ಅಲ್ಲ’ ಎಂದು! ಇಸ್ತ್ರಿಪೆಟ್ಟಿಗೆ ಅದಕ್ಕಿಂತ ಮೇಲೆ ತಣ್ಣಗೆ ಕೂತಿತ್ತು. ವಾರಿಜಕ್ಕ ಹೇಳಿದ್ದು ಕೊನೆಯ ಸೀಟು, ನಾನು ಒತ್ತಿದ್ದು ಕೊನೆಯ ಗುಂಡಿ. ಆಗಿನಿಂದ ನಾನು ಅವರ ಕಣ್ಣಿಗೆ ಬಿದ್ದಿಲ್ಲ. ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ ಬಂದು ಮಂಡಿ ನೋವು ಬೇರೆ.

ಇದು ನಮ್ಮ ಮನೆತನದಲ್ಲೇ ಇದೆ ಅನಿಸುತ್ತದೆ. ನನ್ನ ತಂದೆಯ ತಾಯಿ, ನಮ್ಮ ದಾದಿಮಾ, ಇಂಥದೇ ಒಂದು ಓಟಿನ ಭಯದಲ್ಲಿ ಜೀವಮಾನ ಕಳೆದಳು. ಚಾಳಿನ ಕೆಳಗೆ ಪ್ರಚಾರದ ಭೋಂಗಾ ಕೂಗಲು ಶುರುವಾಯಿತೆಂದರೆ ಅವಳ ಹೊಟ್ಟೆ ಕೆಡುತ್ತಿತ್ತು. ಜೀರಿಗೆ ನೀರು ಕುಡಿದು ಗೋಡೆಗೆ ಮುಖ ಮಾಡಿ ಮಲಗುವಳು. ಹೊಸ ಪೊಲೀಸ್ ಪೇದೆ ಓಣಿಯಲ್ಲಿ ಕಂಡರೂ ಅದೇ ಕಥೆ. ನಾವು ಮೊಮ್ಮಕ್ಕಳು ಬಹಳ ವರ್ಷ ಅದನ್ನು ವಾಯು ಎಂದೇ ತಿಳಿದಿದ್ದೆವು. ನನಗೆ ಶಾಲೆಯಲ್ಲಿ ಕೆಲಸ ಸಿಕ್ಕ ವರ್ಷ, ಕಾನೂನು ಓದಿದವಳೆಂದು ನಂಬಿ, ನನ್ನೊಬ್ಬಳಿಗೆ ಎಲ್ಲ ಹೇಳಿದಳು. ನಾನು ಓದಿದ್ದು ಬಿ.ಎ.

ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆ. ಆಗ ನಮ್ಮ ಕಡೆಯ ಲೋಕಸಭಾ ಕ್ಷೇತ್ರಕ್ಕೆ ಇಬ್ಬರು ಸದಸ್ಯರು, ಒಂದು ಸೀಟು ದಲಿತರಿಗೆ ಮೀಸಲು. ಪ್ರತಿ ಮತದಾರರಿಗೂ ಎರಡೆರಡು ಚೀಟಿ. ಈಗಿನಂತೆ ಗುಂಡಿಯಿಲ್ಲ, ಆಮೇಲೆ ಬಂದ ಮುದ್ರೆಯೂ ಇಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದಕ್ಕೆ ಅವನ ಗುರುತು ಅಂಟಿಸಿರುತ್ತಿತ್ತು. ಮರೆಯಲ್ಲಿ ಹೋಗಿ ಎರಡು ಚೀಟಿಯನ್ನು ಎರಡು ಬೇರೆ ಪೆಟ್ಟಿಗೆಗೆ ಹಾಕಬೇಕು. ಎರಡನ್ನೂ ಒಂದಕ್ಕೇ ಹಾಕಿದರೆ ಒಂದು ರದ್ದು.

ಚಾಳಿನಲ್ಲಿ ನಮ್ಮ ಗೋಡೆಗೆ ಹೊಂದಿದ ಖೋಲಿ ಸಖೂಬಾಯಿಯದು. ಗಂಡ ಮಿಲ್ಲಿನಲ್ಲಿ. ಸೊಲ್ಲಾಪುರದ ಕಡೆಯ ದಲಿತ ಕುಟುಂಬ, ಹಾಗಾಗಿ ಅವಳಿಗೆ ಕನ್ನಡ ಬರುತ್ತಿತ್ತು. ವಿಜಯಪುರ ಬಿಟ್ಟು ಬಂದು ಮರಾಠಿಯ ನಡುವೆ ಬಾಯಿ ಕಟ್ಟಿದಂತಾಗಿದ್ದ ದಾದಿಮಾಗೆ ಅವಳೇ ಅಕ್ಕ, ಅವಳೇ ತವರು. ಮೀಸಲು ಸೀಟಿಗೆ ಸಖೂಬಾಯಿಯವರ ಕಡೆಯ ಅಭ್ಯರ್ಥಿಯೊಬ್ಬರು ನಿಂತಿದ್ದರು; ಇನ್ನೊಂದು ಸೀಟಿಗೆ ನಮ್ಮ ಮನೆಯವರು ಮೆಚ್ಚಿದವರು ಬೇರೊಬ್ಬರು. ಸಖೂಬಾಯಿಯ ಮನೆಯಲ್ಲಿ ಆ ತಿಂಗಳು ಊಟ ನಿದ್ದೆ ಯಾರಿಗೂ ನೆಟ್ಟಗಿರಲಿಲ್ಲವಂತೆ. ನಲ್ಲಿಯ ಹತ್ತಿರ ಅವಳು ದಾದಿಮಾಳ ಕೈ ಹಿಡಿದು ಹೇಳಿದಳು: “ಈ ಸಲ ನಿಮಗ ಎರಡು ಓಟು ಬರ್ತಾವ ಭಾಭಿ. ಒಂದು ನಿಮ್ಮವರಿಗಿ ಹಾಕ್ರಿ, ಒಂದು ನಮ್ಮವರಿಗಿ ಹಾಕ್ರಿ. ನಾನೂ ಹಂಗ ಮಾಡ್ತೀನಿ.”

ದಾದಿಮಾ ತಲೆಮುಟ್ಟಿ ಮಾತು ಕೊಟ್ಟಳು. ಆದರೆ ಆ ‘ನಿಮಗ’ ಎಂಬುದನ್ನು ಅವಳು ಗಂಡ ಹೆಂಡತಿ ಇಬ್ಬರಿಗೂ ಸೇರಿಸಿ ತಿಳಿದಳು. ಇಬ್ಬರಿಗೆ ಎರಡು ಓಟು, ಲೆಕ್ಕ ಸರಿಯಾಗಿಯೇ ಇತ್ತು. ತನ್ನದು ನಮ್ಮವರಿಗೆ, ಗಂಡನದು ಸಖೂಬಾಯಿಯವರಿಗೆ.

ಓಟಿನ ದಿನ ದಾದಾಗೆ, ಅಂದರೆ ನನ್ನ ಅಜ್ಜನಿಗೆ, ಜೋರು ಜ್ವರ. ಅವರು ಕೋಟು ಹೊಲಿಯುವ ದರ್ಜಿ. ಹೊಲಿಗೆ ಯಂತ್ರದ ಪಕ್ಕದಲ್ಲೇ ಕೌದಿ ಹೊದ್ದು ಮಲಗಿದ್ದರು. ದಾದಿಮಾ ಸಖೂಬಾಯಿಯ ಜೊತೆ ಹೋದಳು. ಮೇಜಿನಲ್ಲಿ ಗಂಡನ ಹೆಸರು ಕೇಳಿದರು. ಗಂಡನ ಹೆಸರು ಬಾಯಿಂದ ಹೇಳುವುದುಂಟೆ? ಸಖೂಬಾಯಿಯೇ ಹಿಂದಿನಿಂದ ಕೂಗಿ ಹೇಳಿದಳು. ಅಧಿಕಾರಿ ಎರಡು ಗುಲಾಬಿ ಚೀಟಿ ಕೊಟ್ಟು, “ದೋನೋಂಕೋ ಏಕ್ ಏಕ್” ಎಂದ. ಇಬ್ಬರಿಗೂ ಒಂದೊಂದು. ಅವನು ಹೇಳಿದ್ದು ಇಬ್ಬರು ಅಭ್ಯರ್ಥಿಗಳನ್ನು. ಆದರೆ ಗಂಡನ ಹೆಸರು ಆಗತಾನೇ ಬಂದು ಹೋಗಿತ್ತಲ್ಲ!

ನಮ್ಮ ಮುಸಲ್ಮಾನ ಮನೆಗಳಲ್ಲಿ ಹರಕೆಯ ನಿಯಾಜಿನ ಊಟವಿರಲಿ, ಮದುವೆಯಿರಲಿ, ಬರಲಾಗದೆ ಮನೆಯಲ್ಲಿ ಉಳಿದವರ ಪಾಲನ್ನು ಬಂದವರ ಕೈಯಲ್ಲಿ ಕಟ್ಟಿ ಕಳಿಸುತ್ತಾರೆ. ಅದಕ್ಕೆ ಹಿಸ್ಸಾ ಎನ್ನುತ್ತೇವೆ. ಮಲಗಿದವನ ಹಿಸ್ಸಾ ತರದೆ ಬಂದ ಹೆಂಡತಿಯನ್ನು ಓಣಿಯೆಲ್ಲ ಆಡಿಕೊಳ್ಳುತ್ತದೆ. ಸರಕಾರಕ್ಕೂ ಇಷ್ಟು ರೀತಿ ರಿವಾಜು ಗೊತ್ತಿದೆಯೆಂದು ದಾದಿಮಾಗೆ ಸಂತೋಷವೇ ಆಯಿತಂತೆ. ತನ್ನ ಚೀಟಿಯನ್ನು ನಮ್ಮವರ ಪೆಟ್ಟಿಗೆಗೆ ಹಾಕಿದಳು. ಇನ್ನೊಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ತಂದಳು.

ದಾದಾ ಚೀಟಿ ನೋಡಿ ಜ್ವರದಲ್ಲೂ ಎದ್ದು ಕೂತರು. “ಏ ಹುಚ್ಚಿ, ಸರಕಾರದ ಕಾಗದ ಮನಿಗಿ ತಂದೀಯಲ್ಲ! ಇದು ಪೆಟ್ಟಿಗ್ಯಾಗ ಬೀಳಬೇಕಿತ್ತು.”

“ಇಬ್ಬರಿಗೂ ಒಂದೊಂದು ಅಂದ್ರು. ನಿಮ್ಮ ಹಿಸ್ಸಾ ಅಂತ ತಿಳಕೊಂಡೆ. ಈಗ ಹೋಗಿ ಹಾಕಿ ಬರ್ತೀನಿ, ಸಖೂಬಾಯಿಗಿ ಮಾತು ಕೊಟ್ಟೀನಿ.”

“ಹೋದಿ ಅಂದ್ರ ಅಲ್ಲೇ ಹಿಡಿತಾರ. ಮದಲ ಈಗ ನಮ್ಮಂಥವರನ್ನ ಒಂದು ನಮೂನಿ ನೋಡ್ತಾರ. ಸುಮ್ಮ ಕುಂದ್ರು.”

ದೇಶ ಇಬ್ಭಾಗವಾಗಿ ಐದು ವರ್ಷವೂ ಆಗಿರದ ಆ ಕಾಲದಲ್ಲಿ ಆ ಮಾತಿಗೆ ಎದುರಾಡುವ ಧೈರ್ಯ ಯಾರಿಗಿತ್ತು? ಸುಟ್ಟರೆ ಇನ್ನೇನು ಅಪರಾಧವೋ ಎಂದು ಸುಡಲೂ ಹೆದರಿದರು. ಕೊನೆಗೆ ದಾದಾ ತಮ್ಮ ಕೋಟಿನ ಭುಜದ ಅಸ್ತರು ಬಿಚ್ಚಿ, ಚೀಟಿಯನ್ನು ಒಳಗಿಟ್ಟು ಹೊಲಿದುಬಿಟ್ಟರು. ಸಖೂಬಾಯಿಯವರ ಅಭ್ಯರ್ಥಿ ಸೋತರು. ಫಲಿತಾಂಶ ಬಂದ ಸಂಜೆ ಅವಳು ಗೋಡೆಯಾಚೆ ಅಳುವುದು ಈಚೆಗೆ ಕೇಳುತ್ತಿತ್ತು. ದಾದಿಮಾ ರೊಟ್ಟಿ ಬಡಿಯುವುದನ್ನೂ ನಿಲ್ಲಿಸಿ ಕೂತಿದ್ದಳಂತೆ.

ಕೆಲವು ವರ್ಷಗಳ ಮೇಲೆ ಇಬ್ಬರು ಸದಸ್ಯರ ಕ್ಷೇತ್ರಗಳನ್ನೆಲ್ಲ ಕಾನೂನು ತಂದು ಒಡೆದರು. ಮುಂದಿನ ಚುನಾವಣೆಯಲ್ಲಿ ದಾದಿಮಾ ಕೈಗೆ ಬಂದದ್ದು ಒಂದೇ ಚೀಟಿ. ಅವಳು ಮೇಜಿನ ಮುಂದೆಯೇ ನಿಂತುಬಿಟ್ಟಳು. ಸರಕಾರಕ್ಕೆ ಗೊತ್ತಾಗಿದೆ, ಹಿಸ್ಸಾ ಕತ್ತರಿಸಿದ್ದಾರೆ! ಕಾನೂನು ಯಾಕೆ ಬದಲಾಯಿತೆಂದು ನಾನು ಎಷ್ಟು ಬಿಡಿಸಿ ಹೇಳಿದರೂ, “ನನ್ನಿಂದ ಇಡೀ ದೇಶಕ್ಕ ಹಿಂಗಾತು ನೋಡು” ಎಂದೇ ಕೊರಗುತ್ತಿದ್ದಳು. ಶಾಲೆಯಲ್ಲಿ ಆ ಪಾಠ ಬಂದಾಗಲೆಲ್ಲ ನನಗೆ ನಗು ತಡೆಯಲು ಆಗುತ್ತಿರಲಿಲ್ಲ, ಅಳುವೂ ಬರುತ್ತಿತ್ತು.

ಪೊಲೀಸರ ಭಯ ವಯಸ್ಸಾದಂತೆ ಕಡಿಮೆಯಾಯಿತು. ಸಖೂಬಾಯಿಯ ಭಯ ಹೋಗಲಿಲ್ಲ. ದಾದಾ ತೀರಿಕೊಂಡ ಮೇಲೆ, ಸಖೂಬಾಯಿಯ ಮಗನಿಗೆ ಎಲ್ಲೋ ಗುಮಾಸ್ತನ ಕೆಲಸಕ್ಕೆ ಕರೆ ಬಂತು. ಹಾಕಿಕೊಳ್ಳಲು ಕೋಟಿಲ್ಲ. ದಾದಿಮಾ ಗಂಡನ ಕೋಟನ್ನು ಇಸ್ತ್ರಿ ಮಾಡಿಸಿ, ಭುಜದ ಹೊಲಿಗೆ ಬಿಚ್ಚದೆ, ಹಾಗೆಯೇ ಅವರ ಮನೆಗೆ ಕೊಟ್ಟು ಬಂದಳು. “ಅವರ ಹಿಸ್ಸಾ ಅವರ ಮನಿ ಮುಟ್ಟಿತು” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಬಾಯಿಬಿಟ್ಟು ಅಷ್ಟನ್ನೂ ಹೇಳಿ ಬರಲು ಮಾತ್ರ ಅವಳಿಂದಾಗಲಿಲ್ಲ. ಹೇಳಿದರೆ ಗೆಳೆತನ ಮುರಿದೇ ಹೋಗುತ್ತದೆ ಎಂದು ಸಾಯುವವರೆಗೆ ನಂಬಿದ್ದಳು.

ದಾದಿಮಾ ಹೋದ ದಿನ ಸಖೂಬಾಯಿ ಗೋಡೆ ಹಿಡಿದು ಬಂದು ನನ್ನ ಪಕ್ಕ ಕೂತಳು. ಬಹಳ ಹೊತ್ತು ಅತ್ತು, ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: “ನಿನ್ನ ದಾದಿಗೆ ಒಂದು ಮೋಸ ಮಾಡೀನಿ ಮಗಳ. ಮದಲನೇ ಚುನಾವಣ್ಯಾಗ ಒಂದು ಓಟು ನಿಮ್ಮವರಿಗಿ ಹಾಕ್ತೀನಿ ಅಂದಿದ್ದೆ. ಒಳಗ ಹೋದ ಮ್ಯಾಲ ಕೈ ಬರಲಿಲ್ಲ. ಎರಡೂ ನಮ್ಮವರ ಪೆಟ್ಟಿಗ್ಯಾಗೇ ಹಾಕಿದೆ. ಅದರಾಗ ಒಂದು ರದ್ದಾತಂತ, ಆಮ್ಯಾಲ ಗೊತ್ತಾತು. ಭಾಭಿಗಿ ಮಾರಿ ತೋರಸಾಕ ಹೆದರಿಕಿ ಆಗ್ತಿತ್ತು. ಆಕಿ ಮಾತ್ರ ದೇವರಂಥಾಕಿ. ನನ್ನ ಮಗಗ ಕೋಟು ಕೊಟ್ಟಳು, ಭುಜದಾಗ ತಾಯಿತ ಬ್ಯಾರೆ ಹೊಲಿಸಿದ್ದಳು. ಕೈಗಿ ಹತ್ತಿತು, ನಾ ಬಿಚ್ಚಲಿಲ್ಲ. ಅದರಿಂದೇ ಅವಗ ನೌಕರಿ ಆತು.”

ನಾನು ಎದ್ದು ಅವಳಿಗೆ ನೀರು ತಂದುಕೊಟ್ಟೆ. ತಾಯಿತವೆಂದು ನಂಬಿದ್ದನ್ನು ಹೇಗೆ ಕಿತ್ತುಕೊಳ್ಳಲಿ? ಆದರೆ ಆ ಇಬ್ಬರ ಮೇಲೂ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ನಡುವೆ ಇದ್ದದ್ದು ಒಂದು ಗೋಡೆ, ಅದೂ ಕೆಮ್ಮಿದರೆ ಕೇಳುವಂಥದು. ಒಬ್ಬಳು ಬಾಯಿ ತೆರೆದಿದ್ದರೆ ಇಬ್ಬರೂ ಹೊಟ್ಟೆ ಹಿಡಿದು ನಗಬಹುದಿತ್ತು.

ಅನ್ನದ ಕುಕ್ಕರಿನ ಗ್ಯಾಸ್ ಆರಿಸಿದೆ. ನಾಳೆ ಅವನು ಗೆದ್ದರೆ ಹೇಳುವ ಅಗತ್ಯವೇ ಬೀಳುವುದಿಲ್ಲ. ಸೋತರೆ ಹೇಳುವ ಧೈರ್ಯ ಬರುವುದಿಲ್ಲ, ಅದೂ ಒಂದೇ ಓಟಿನಲ್ಲಿ ಸೋತರಂತೂ ದೇವರೇ ಗತಿ. ಹೇಳುವುದಾದರೆ ಇವತ್ತೇ. ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಪಕ್ಕದ ಮನೆಯ ಬೆಲ್ ಒತ್ತಿದೆ.

ವಾರಿಜಕ್ಕ ಬಾಗಿಲು ತೆಗೆದು, “ಬನ್ನಿ ಬನ್ನಿ ಟೀಚರ್, ಚಾ ಮಾಡ್ತಿದ್ದೆ” ಎಂದರು. ನಾನು ಹೊಸ್ತಿಲ ಮೇಲೆಯೇ ನಿಂತು ಎಲ್ಲ ಹೇಳಿಬಿಟ್ಟೆ. ನೀವು ಕೊನೆಯದ್ದು ಎಂದಿರಿ, ನಾನು ಕೊನೆಯ ಗುಂಡಿ ಒತ್ತಿದೆ, ಅದು ಯಾರಿಗೂ ಅಲ್ಲದ ಗುಂಡಿ, ನಿಮ್ಮ ತಮ್ಮನಿಗೆ ನನ್ನ ಓಟು ಹೋಗಿಲ್ಲ ಎಂದೆ.

ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ, ನಗಲೂ ಇಲ್ಲ. ಮುಖ ಬಿಳಿಚಿಕೊಂಡು, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

“ಅಯ್ಯೋ ದೇವರೇ... ನಾನು ಇಡೀ ಬಿಲ್ಡಿಂಗಿಗೆ ಹಾಗೇ ಹೇಳಿದ್ದೇನಲ್ಲ ಟೀಚರ್.”

ಒಳಗೆ ಚಹಾ ಉಕ್ಕಿ ಒಲೆಯ ಮೇಲೆ ಸುಟ್ಟ ವಾಸನೆ ಬಂತು. ಇಬ್ಬರೂ ಅಲ್ಲಾಡಲಿಲ್ಲ. ಹೊರಗಿನ ಉದ್ದ ಪ್ಯಾಸೇಜಿನಲ್ಲಿ ಸಾಲಾಗಿ ಬಾಗಿಲುಗಳಿದ್ದವು, ಎಲ್ಲವೂ ಮುಚ್ಚಿದ್ದವು. ಅವುಗಳ ಹಿಂದೆ ಇನ್ನೂ ಯಾರ‍್ಯಾರು ನಲ್ಲಿ ನಿಲ್ಲಿಸಿ ಉಸಿರು ಹಿಡಿದು ನಿಂತಿದ್ದಾರೋ ಎಂದು ನೋಡುತ್ತ ನಾನು ವಾರಿಜಕ್ಕನ ಕೈ ಹಿಡಿದುಕೊಂಡೆ.