ತವರಿನ ಕುರಿ, ಮುಪ್ಪಿನ ಪೆನ್ಶನ್

ಮಿರಜದ ಹತ್ತಿರದ ಬೇಡಗದ ಗುರಲಿಂಗನ ಆಯುಷ್ಯವೆಲ್ಲ ಕುರಿಗಳ ಹಿಂದೆಯೇ ಸವೆದಿದೆ. ಹಿಂಡು ಹೊಡೆದುಕೊಂಡು ಕೃಷ್ಣಾ ದಂಡೆಗೆ ಇಳಿಯುವುದು, ಅವರಿವರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿ ಜೋಳ ಪಡೆಯುವುದು, ಮಳೆಗೆ ಮುಂಚೆ ಊರು ಸೇರುವುದು. ನಡೆಯದ ದಿನಕ್ಕೂ ಯಾರಾದರೂ ಕೂಲಿ ಕೊಟ್ಟಾರು ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಅದಕ್ಕೇ ಪೆನ್ಶನ್ ಎಂದರೆ ಅವನಿಗೆ ಇವತ್ತಿಗೂ ಬೆರಗು. ಹಿಂದೊಮ್ಮೆ ಬ್ಯಾಂಕಿನವರು ಊರಿಗೆ ಬಂದು ಸರ್ಕಾರಿ ಪೆನ್ಶನ್ನಿಗೆ ಹೆಸರು ಬರೆಸಿಕೊಂಡಾಗ ಗಂಡ ಹೆಂಡತಿ ಇಬ್ಬರೂ ಎಲ್ಲಕ್ಕಿಂತ ಸಣ್ಣ ಕಂತು ಹಿಡಿದಿದ್ದರು. ಈಗ ಮೊಣಕಾಲು ಕೈಕೊಟ್ಟಿದೆ. ಆ ಕಂತಿಗೆ ಅರವತ್ತರ ಮೇಲೆ ಬರುವ ದುಡ್ಡು ಚಹಾಕ್ಕೆ ಆದೀತು, ರೊಟ್ಟಿಗೆ ಆಗದು. ಸಣ್ಣ ಕಂತಿಗೂ ದೊಡ್ಡ ಕಂತಿಗೂ ಇರುವ ಹಿಂದಿನ ವ್ಯತ್ಯಾಸವನ್ನೆಲ್ಲ ಒಮ್ಮೆಲೇ ತುಂಬಿದರೆ ಪೆನ್ಶನ್ ಏರುತ್ತದೆಂದು ತಿಳಿದದ್ದೇ ತಡ, ಹೆಂಡತಿ ಸಂಗವ್ವ ತನ್ನ ತವರಿನ ಕುರಿಗಳನ್ನು ಮಾರಲು ಮಿರಜದ ಬಜಾರಿಗೆ ಹೊಡೆದಳು.

ತವರಿನ ಕುರಿ ಎಂದರೆ ಸುಮ್ಮನಲ್ಲ. ಮದುವೆಯಲ್ಲಿ ಅಪ್ಪ ಮಗಳಿಗೊಂದು ಹೆಣ್ಣು ಕುರಿ ಕೊಡುತ್ತಾನೆ. ಅದರ ಸಂತಾನವೆಲ್ಲ ಅವಳದೇ. ಕಿವಿಯ ಗುರುತೂ ಬೇರೆ. ಮೇಯಿಸುವವನು ಗಂಡನಾದರೂ ಮಾರುವ ಮಾತೆತ್ತುವಂತಿಲ್ಲ. ಗುರಲಿಂಗ ಎತ್ತಿಯೂ ಇರಲಿಲ್ಲ. ಬಂದ ದುಡ್ಡು ಒಬ್ಬರ ಪೆನ್ಶನ್ ಏರಿಸಲಿಕ್ಕೆ ಮಾತ್ರ ಸಾಕಿತ್ತು. ಬಜಾರಿನಿಂದ ಇಬ್ಬರೂ ನೆಟ್ಟಗೆ ಬ್ಯಾಂಕಿಗೆ ಹೋದರು.

"ಕಾಕಾ, ಯಾರ ಹೆಸರಿಗೆ?" ಎಂದು ಕೌಂಟರಿನ ಹುಡುಗಿ ಸೋನಲ ಕೇಳಿದಳು.

"ಇವರ ಹೆಸರಿಗೆ," ಎಂದಳು ಸಂಗವ್ವ. "ಮೊಣಕಾಲು ಹೋಗ್ಯಾವ. ನಂದೇನು, ನಡೀತದ."

"ಆಕಿ ಹೆಸರಿಗೆ ಹಾಕವ್ವಾ," ಎಂದ ಗುರಲಿಂಗ. "ಕುರಿ ಆಕಿವು. ಅವನ್ನ ಮಾರಿ ನಾ ಹೆಂಗ ಉಣ್ಣಲಿ?"

"ದಿನಾ ನಾ ಬಡದ ರೊಟ್ಟಿ ಉಣ್ತೀರಿ. ಅದು ಹೆಂಗ ಇಳೀತದ?"

ಸಾಲಿನಲ್ಲಿ ನಿಂತವರು ನಕ್ಕರು. ಗುರಲಿಂಗ ಜಗ್ಗಲಿಲ್ಲ. ಹೆಂಡತಿಯ ತವರನ್ನು ತಿಂದವನು ಅನ್ನಿಸಿಕೊಳ್ಳುವುದಕ್ಕಿಂತ ಕುಂಟುತ್ತ ಕುರಿ ಕಾಯುವುದೇ ವಾಸಿ ಎಂದು ಅವನ ಎಣಿಕೆ.

ಸೋನಲಳ ಮನೆಮಾತು ಕನ್ನಡವೇ, ಆದರೆ ಬಾಯಿಗೆ ಬರುವುದು ಮರಾಠಿ. ತಡವರಿಸುತ್ತ ಹೇಳಿದಳು, "ಐಕಾ, ಕೇಳ್ರಿ ಕಾಕಾ. ನೀವು ಇರೂತನಕಾ ನಿಮಗ. ನಿಮ್ಮ ನಂತರ ಅಷ್ಟೂ ಪೆನ್ಶನ್ ಈ ಮಾವಶಿಗೆ, ಅವರು ಇರೂತನಕಾ."

"ನಾ ಸತ್ತ ಮ್ಯಾಲೂ?"

"ಹೋ, ಹೌದ್ರಿ."

"ತಿಂಗಳಾ ತಿಂಗಳಾ?"

"ತಿಂಗಳಾ ತಿಂಗಳಾ."

ಗುರಲಿಂಗ ಕೌಂಟರಿಗೆ ಇನ್ನಷ್ಟು ಸರಿದು ನಿಂತ. ಹೊಳೆ ದಾಟುವಾಗ, ತೋಳ ಹಿಂಡಿನ ಸುತ್ತ ಸುಳಿದಾಗ, ತಾನಿಲ್ಲದಿದ್ದರೆ ಇವುಗಳ ಗತಿಯೇನು ಎಂದು ಎಷ್ಟೋ ಸಲ ಹೆದರಿದವನು ಅವನು. ಕಾಯುವವನು ಹೋದಮೇಲೂ ಕಾಯುವಂಥದೊಂದು ಈ ಲೋಕದಲ್ಲಿ ಇದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಹಂಗಾರ ನನ್ನ ಹೆಸರಿಗೇ ಹಾಕವ್ವಾ," ಎಂದ ಕೊನೆಗೆ, ಹೆಂಡತಿಯ ಕಡೆ ನೋಡದೆ. "ನಾ ಹೋದ ಮ್ಯಾಲೆ ಆಕಿ ಕುರಿ ಆಕಿ ಹಟ್ಟಿಗೇ ಹೊಳ್ಳಿ ಬರ್ತಾವ."

ಸಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವಕ್ಕೇನು ಅವಸರ ಇಲ್ಲ," ಎಂದಳು. "ಮದಲ ನೀವು ಕುಂತು ಉಣ್ರಿ."