ಅವ್ವನ ಬಾಯಿಯ ಶಬ್ದ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿರುವ ವಿರುಪಣ್ಣನಿಗೆ ಕನಸು ಬೀಳಲು ನಿದ್ದೆ ಬೇಕಿಲ್ಲ. ಭತ್ತ ಬೇಯಿಸುವ ಹಬೆ ಅಂಗಳದ ತುಂಬ ಹರಡಿದರೆ ಸಾಕು, ಅದರೊಳಗೆ ಆತನಿಗೆ ಮೋಡ ಕಾಣುತ್ತದೆ, ಮೋಡದೊಳಗೆ ಮೈದಾನ, ಮೈದಾನದ ಅಂಚಿಗೆ ಮೈಕು, ಮೈಕಿನ ಹಿಂದೆ ತಾನು. ಲಾರಿಯವರು ಗಂಟಲು ಹರಿಯುವಂತೆ ಕೂಗಿದ ಮೇಲೆಯೇ ಆತ ಗಿರಣಿಗೆ ಮರಳುವುದು.

ಊರಿನಲ್ಲಿ ಯಾವ ಆಟ ನಡೆದರೂ ವಿವರಣೆ ಹೇಳುವವನು ಆತನೇ. ಫುಟ್‌ಬಾಲಿನ ನಿಯಮ ನಮ್ಮಲ್ಲಿ ಅರ್ಧ ಮಂದಿಗೆ ಗೊತ್ತಿಲ್ಲ. ವಿರುಪಣ್ಣನೂ ನಮ್ಮ ಪೈಕಿಯೇ. ಆದರೂ ಆತ ಹೇಳುವಾಗ ಚೆಂಡು ಆನೆಗೊಂದಿಯ ಬಂಡೆಯಂತೆ ಉರುಳುತ್ತದೆ, ಬಾಳೆ ತೋಟದ ಗಾಳಿಯಂತೆ ನುಸುಳುತ್ತದೆ. ಆಫ್‌ಸೈಡ್ ಬಂದಾಗ ಮಾತ್ರ ಆತ ನೀರು ಕುಡಿಯುತ್ತಾನೆ.

ಈ ಚಳಿಗಾಲದಲ್ಲಿ ಬೆಂಗಳೂರಿನ ವೃತ್ತಿಪರ ತಂಡವೊಂದು ಪ್ರದರ್ಶನ ಪಂದ್ಯಕ್ಕೆ ಬಂತು. ಅದರ ಗೋಲ್‌ಕೀಪರ್ ಅಸ್ಲಮ ಗಂಗಾವತಿಯವನೇ, ಹಟ ಹಿಡಿದು ತಂಡವನ್ನು ಊರಿಗೆ ಕರೆತಂದಿದ್ದ. ಜೊತೆಗೆ ಘಾನಾ ದೇಶದ ಕೋಫಿ, ಗೋಲು ಹೊಡೆಯುವುದರಲ್ಲಿ ಎತ್ತಿದ ಕಾಲು. ಆತನ ಹೆಸರನ್ನು ವಿರುಪಣ್ಣ ಗಿರಣಿಯಿಂದ ಮೈದಾನದವರೆಗೆ ಸೈಕಲ್ ಮೇಲೆ ಅಭ್ಯಾಸ ಮಾಡುತ್ತ ಬಂದಿದ್ದ. ಆದರೆ ಖುಷಿ ಉಕ್ಕಿದಾಗ ಬಾಯಿಗೆ ಅಭ್ಯಾಸ ಮಾಡಿದ್ದು ಬರುವುದಿಲ್ಲ, ಮನೆಯದು ಬರುತ್ತದೆ. ಕೋಫಿಯ ಮೊದಲ ಗೋಲು ಬಲೆಗೆ ಬಿದ್ದದ್ದೇ ತಡ, ಮೈಕು ರಾಗ ಎಳೆಯಿತು:

"ಬಾರೋ ನಮ್ಮ ಕರಿಯಾ, ಬಾರೋ ನನ್ನಪ್ಪಾ."

ವಿರುಪಣ್ಣನ ತಾಯಿ ಯಮನೂರಮ್ಮ ಮಗನನ್ನು ಊಟಕ್ಕೆ ಕರೆಯುವುದು ಹೀಗೆಯೇ. ಮಗನ ತಲೆ ನೆರೆತರೂ ಕರೆ ಬದಲಾಗಿಲ್ಲ. ಬಣ್ಣವೂ ಹೆಂಚಿನ ತಳದ್ದೇ, ಬದಲಾಗಿಲ್ಲ. ಜನ ಆ ಶಬ್ದವನ್ನು ಎತ್ತಿಕೊಂಡರು. ಇಡೀ ಮೈದಾನ ಕರಿಯಾ, ಕರಿಯಾ ಎಂದು ಕುಣಿಯತೊಡಗಿತು. ಇಳಿಬಿಸಿಲಿನಲ್ಲಿ ಧೂಳು ಬಂಗಾರವಾಗಿ ಏಳುತ್ತಿತ್ತು. ವಿರುಪಣ್ಣನ ಕಣ್ಣುಗಳು ಸುಖದಿಂದ ಮುಚ್ಚಿಕೊಂಡವು.

ತೆರೆದಾಗ ಕೋಫಿ ಗೆರೆಯ ಹೊರಗೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದ.

ಅಸ್ಲಮ ಮೈಕಿನ ಹತ್ತಿರ ಓಡಿ ಬಂದ. ಕೋಫಿಗೆ ಬರುವ ಕನ್ನಡ ನಾಲ್ಕೇ ಶಬ್ದ, ಅದರಲ್ಲಿ ಇದೂ ಒಂದು. ಬೇರೆಲ್ಲೋ ಆಡುವಾಗ ಗ್ಯಾಲರಿಯಿಂದ ಈ ಶಬ್ದದ ಜೊತೆಗೆ ಮಂಗನ ಕೂಗೂ ಬಾಳೆಹಣ್ಣಿನ ಸಿಪ್ಪೆಯೂ ಬಂದಿದ್ದವಂತೆ. ಜನ ನಿಲ್ಲಿಸದಿದ್ದರೆ ಆತ ಆಡುವುದಿಲ್ಲ, ಆತ ಆಡದಿದ್ದರೆ ತಾನೂ ಆಡುವುದಿಲ್ಲ ಎಂದ.

ವಿರುಪಣ್ಣ ಮೈಕು ಬಿಟ್ಟು ಗೆರೆಯ ಹತ್ತಿರ ಹೋದ.

"ಹೇಳಪಾ ಅಸ್ಲಮ ಇವರಿಗೆ. ಬೈಗುಳ ಅಲ್ಲ ಅದು. ನಮ್ಮವ್ವ ನನಗ ಹಂಗ ಕರೀತಾಳ. ನನ್ನ ಮಾರಿ ನೋಡಿದ್ರ ತಿಳೀತೈತಿ."

ಕೋಫಿ ಆತನ ಮುಖ ನೋಡಿದ, ಮೆಲ್ಲಗೆ ಏನೋ ಹೇಳಿದ. ಅಸ್ಲಮ ನೆಲ ನೋಡುತ್ತ ಅದನ್ನು ಕನ್ನಡಕ್ಕೆ ತಂದ.

"ನಿಮ್ಮವ್ವ ಕರೀಲಿ, ನೀವು ನಮ್ಮವ್ವ ಅಲ್ಲ ಅಂತಾನ್ರಿ ಕಾಕಾ."

ವಿರುಪಣ್ಣನ ಕಣ್ಣ ಮುಂದೆ ತಾವರಗೇರಾದ ಒಂದು ಪಡಸಾಲೆ ತೇಲಿ ಬಂತು. ಆತ ಕನ್ಯೆ ನೋಡಲು ಹೋಗಿದ್ದಾಗ ಬಾಗಿಲ ಹಿಂದೆ ಯಾರೋ ಇದೇ ಶಬ್ದ ಅಂದು ಕಿಸಕ್ಕನೆ ನಕ್ಕಿದ್ದರು. ಬಾಯಲ್ಲಿದ್ದ ಉಪ್ಪಿಟ್ಟು ಇಳಿದಿರಲಿಲ್ಲ. ಅದೂ ಅವ್ವನ ಶಬ್ದವೇ. ಬಾಯಿ ಬೇರೆ.

ಆತ ಮರಳಿ ಮೈಕು ಹಿಡಿದ. ದನಿಯಲ್ಲಿ ರಾಗವಿರಲಿಲ್ಲ.

"ತಡೀರಿ ಸ್ವಲ್ಪ. ನಾ ಅಂದ ಮಾತಿನಿಂದ ಇವರ ಮನಸ್ಸಿಗೆ ನೋವಾಗೇತಿ. ತಪ್ಪು ನಂದು. ನಾ ಇನ್ನ ಅನ್ನಂಗಿಲ್ಲ, ನೀವೂ ಅನ್ನಬ್ಯಾಡ್ರಿ."

ಗದ್ದಲ ತಗ್ಗಿತು. ಹಿಂದಿನಿಂದ ಕಿರಾಣಿ ಅಂಗಡಿಯ ಕೊಟ್ರಪ್ಪ, ಹಂಗಾರ ಏನಂತ ಕರೀಬೇಕು ಸಾಹೇಬರನ್ನ ಎಂದು ಕೆಣಕಿದ.

"ಹೆಸರು ಹಿಡಿದು ಕರೀರಿ ಕೊಟ್ರಪ್ಪನವರ. ನಿಮಗ ಮನ್ಯಾಗ ಏನಂತ ಕರೀತಾರ, ಅದನ್ನ ಮೈಕಿನ್ಯಾಗ ಹೇಳ್ಲೇನು?"

ಮನೆಯಲ್ಲಿ ಏನೆನ್ನುತ್ತಾರೆಂಬುದು ಊರಿಗೆಲ್ಲ ಗೊತ್ತು. ಜನ ನಕ್ಕರು, ಕೊಟ್ರಪ್ಪ ಕೂತ. ಅಸ್ಲಮ ಅದನ್ನೂ ಕೋಫಿಗೆ ವಿವರಿಸಿದ. ಕೋಫಿ ಲೇಸು ಕಟ್ಟಿಕೊಂಡು ಗೆರೆಯ ಒಳಗೆ ಹೋದ.

ಮುಂದಿನ ಚೆಂಡು ಅವನ ಕಾಲಿಗೇ ಬಂತು. ಎದುರಿಗೆ ಗೋಲು ಬರಿದಾಗಿತ್ತು. ಒದ್ದ, ಚೆಂಡು ಕಂಬದ ಮೇಲೆ ಹಾದು, ಸಂಜೆಯ ಕೆಂಪಿನೊಳಗೆ ತೇಲುತ್ತ ತೇಲುತ್ತ ರಸ್ತೆಯಾಚೆ ಹೋಯಿತು. ಏನನ್ನಬೇಕೋ ತಿಳಿಯದೆ ಇಡೀ ಮೈದಾನ ಬಾಯಿ ಕಟ್ಟಿಕೊಂಡು ಕೂತಿತು. ಕೊನೆಗೆ ಹೆಂಗಸರ ಸಾಲಿನಿಂದ ಮುದುಕಿ ಹಸನಬೀ ತಡೆಯಲಾರದೆ ಬೈದಳು:

"ಏ ಕೋಫಿ, ಕಣ್ಣು ಎಲ್ಲಿಟ್ಟೀಯೋ ಮಾರಾಯ?"

ಕೋಫಿ ಆ ಕಡೆ ತಿರುಗಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಕ್ಕ.