ಜೋಗಕ್ಕ ಹೊಂಟೀನ್ರೀ

ನಮ್ಮ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಗೋಗಿಯ ಶಾಲೆಯಲ್ಲಿ ನಾನು ಎಳೆಯ ಮಾಸ್ತರ. ಪಾಠ ಹೇಳುವುದಕ್ಕಿಂತ ಊರಿನವರ ದನಿ ಕದಿಯುವುದರಲ್ಲೇ ನನಗೆ ಹೆಚ್ಚು ಹುಮ್ಮಸ್ಸು. ಈ ವಿದ್ಯೆ ಕುರಿ ಕಾಯುವಾಗ ಹತ್ತಿದ್ದು. ಮರಿಯ ಹಾಗೆ ಕೂಗಿದರೆ ತಾಯಿಕುರಿ ಓಡಿ ಬರುತ್ತಿತ್ತು. ಬಂದು ನನ್ನ ಮುಖ ನೋಡಿ, ಇಂಥದ್ದನ್ನು ನಾನು ಹೆತ್ತಿಲ್ಲ ಎಂಬಂತೆ ಹಿಂತಿರುಗುತ್ತಿತ್ತು. ಹೆಂಗಸರ ದನಿಯಂತೂ ನನಗೆ ನೀರು ಕುಡಿದಷ್ಟು ಸಲೀಸು. ಗೋಡೆಯ ಆಚೆ ನಿಂತು ಅತ್ತೆಯಂತೆ ಕರೆದು ಎಷ್ಟು ಸೊಸೆಯಂದಿರನ್ನು ಒಲೆಯ ಮುಂದಿನಿಂದ ಎಬ್ಬಿಸಿದ್ದೇನೋ, ಅವರು ಹಾಕಿದ ಶಾಪಗಳನ್ನೇ ಕೇಳಬೇಕು.

ಆ ವರ್ಷ ಮೈಸೂರು ಕಡೆಯ ಹೆಡ್‌ಮಾಸ್ತರರೊಬ್ಬರು ನಮ್ಮ ಶಾಲೆಗೆ ಬಂದರು. ಒಂದು ದಿನ ಕೇಳಿದರು: “ಏನ್ರೀ, ನೀವು ಜೋಗ ಜಲಪಾತ ನೋಡಿಲ್ವೇ? ಈಗ ಅದು ನಿಮ್ಮದೂ ಹೌದಲ್ರೀ!”

“ಜಲಪಾತ ಅಂದ್ರ ದಬದಬಿ ಅಲ್ರೀ?” ಎಂದೆ. ಬಂಡೆಯಿಂದ ಬೀಳುವ ನೀರಿಗೆ ನಮ್ಮವರು ಇಟ್ಟ ಹೆಸರು ಅದು.

“ಛೆ ಛೆ, ಬಟ್ಟೆ ಒಗೆದ ಹಾಗಿದೆಯಲ್ರೀ ಹೆಸರು,” ಎಂದು ಅವರು ಮುಖ ಸಿಂಡರಿಸಿದರು. ಅದೇ ಸಿಂಡರಿಕೆಯನ್ನು ಸಂಜೆ ಮಕ್ಕಳಿಗೆ ಮಾಡಿ ತೋರಿಸಿದೆ. ಆದರೆ ಮಾತು ಮಾತ್ರ ನಾಟಿಬಿಟ್ಟಿತ್ತು. ಯಾವ ರಾಜ್ಯಕ್ಕೆ ಹೋಗುತ್ತೀಯ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ರಾಜ್ಯದ ಜೊತೆ ಬಂದ ನೀರನ್ನಾದರೂ ನನ್ನ ಕಣ್ಣಿಂದ ನೋಡಿಯೇ ತೀರುತ್ತೇನೆ ಎಂದುಕೊಂಡೆ.

ಸುರಪುರದಲ್ಲಿ ನನ್ನ ಗೆಳೆಯನೊಬ್ಬ ದರ್ಜಿ. ಅವನ ಅಂಗಡಿಯ ಕಟ್ಟೆಯ ಮೇಲೆಯೇ ದಾರಿ ತೀರ್ಮಾನವಾಯಿತು. ಯಾದಗಿರಿಯಿಂದ ರೈಲಿನಲ್ಲಿ ಗುಂತಕಲ್ಲು, ಅಲ್ಲಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಶಿರಸಿ, ಆಮೇಲೆ ಕೇಳುತ್ತ ಹೋಗುವುದು. ಅಲ್ಲಿ ಬೀಳುವ ಒಂದು ನೀರಿಗೆ ರಾಜ, ಇನ್ನೊಂದಕ್ಕೆ ರಾಣಿ ಎಂದು ಹೆಸರು ಎಂದೆ. ದರ್ಜಿ ಹೊಲಿಗೆಯ ಮಷಿನ್ನು ನಿಲ್ಲಿಸಿದ.

“ನಿಜಾಮ ಸರ್ಕಾರ ಹೋತು, ಸಂಸ್ಥಾನ ಎಲ್ಲಾ ಹೋದ್ವು. ಈ ನೀರಿನ ರಾಜಾನ ತಖ್ತ ಮಾತ್ರ ಹೆಂಗ ಉಳೀತಪಾ?”

“ದಿನಾ ಬೀಳಾಕತ್ತಾನಲ್ಲ, ಅದಕ್ಕ ಉಳದಾನ.”

ಅಲ್ಲಿ ಮಳೆ, ಚಳಿ ಜಾಸ್ತಿಯಂತೆ, ದಪ್ಪನೆಯ ಅಂಗಿ ಬೇಕು ಎಂದು ಅವನು ಬೀದಿಯಲ್ಲೇ ನಿಲ್ಲಿಸಿ ಅಳತೆ ತೆಗೆದುಕೊಂಡ.

ಸುರಪುರದ ಅಂಚಿನಲ್ಲಿದ್ದ ನಮ್ಮ ಮನೆಗೆ ಬಂದಾಗ ಅವ್ವ ಸಜ್ಜೆ ಹಸನು ಮಾಡುತ್ತಿದ್ದಳು.

“ಯವ್ವಾ, ಈ ಸಾಲಿ ಸೂಟ್ಯಾಗ ನಾ ಜೋಗಕ್ಕ ಹೋಗ್ತೀನಿ.”

ಅವ್ವನ ಕೈ ನಿಂತಿತು. “ಯಾವಾಗಿಂದ ಮನಸಿನ್ಯಾಗ ಬಂದದಪ್ಪಾ ಇದು?”

“ಹೆಡ್‌ಮಾಸ್ತರ ಹೇಳಿದಾಗಿಂದ. ಕುಂತ್ರೂ ಅದ, ನಿಂತ್ರೂ ಅದ.”

“ಒಬ್ಬಾಂವನ?”

“ಮತ್ಯಾರು ಬರ್ತಾರ? ಬಟ್ಟೀನೂ ಹೊಲಿಯಾಕ ಕೊಟ್ಟೀನಿ.”

ಅವ್ವ ಮೊರ ಅಲ್ಲೇ ಬಿಟ್ಟು ಒಳಗೆ ಹೋದಳು. ನಮ್ಮ ಕಡೆ ಜೋಗ ಅಂದರೆ ನೀರಲ್ಲ. ಎಲ್ಲಮ್ಮನ ಹೆಸರಿನಲ್ಲಿ ಬುಟ್ಟಿ ಹೊತ್ತು ಮನೆಮನೆಗೆ ಬೇಡುವುದು ಜೋಗ. ಗಂಡಸು ಹಾಗೆ ದೇವಿಗೆ ಒಪ್ಪಿಸಿಕೊಂಡರೆ ಸೀರೆ ಉಟ್ಟು ಜೋಗಪ್ಪನಾಗುತ್ತಾನೆ. ಅವನಿಗೆ ಮದುವೆ ಇಲ್ಲ. ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಭೂಗೋಳದ ಮಾಸ್ತರನಿಗೆ ಆಗ ತಲೆಯ ತುಂಬ ಬರೀ ಭೂಗೋಳ.

ಮರುದಿನ ಅವ್ವ ಹೇಳಿ ಕಳಿಸಿದ್ದಕ್ಕೆ ಬೋನಾಳದಿಂದ ಸೋದರಮಾವ ಬಂದ, ಹಿಂದೆಯೇ ಅವನ ಮಗಳು. ಅವಳನ್ನು ನನಗೆ ಕೊಡುವುದೆಂದು ಎಂದೋ ಮಾತಾಗಿತ್ತು. ಅವಳು ನನ್ನತ್ತ ಒಂದು ಸಲ ನೋಡಿ ಅವ್ವನ ಜೊತೆ ಅಡುಗೆಮನೆ ಸೇರಿದಳು. ಮಾವ ಕೂತವನೇ ಕೇಳಿದ:

“ಸೀರಿ ಯಾವ ಬಣ್ಣದ್ದು ತಂದೀಯೋ?”

“ಯಾರಿಗಿ ಮಾವಾ?”

“ನಿನಗ! ಜೋಗಕ್ಕ ಅಂಗಿ ಹಾಕ್ಕೊಂಡು ಹೋಗಾಕ ಆಗ್ತದೇನು?”

ನನಗೆ ಆಗ ಹೊಳೆಯಿತು. ನಕ್ಕು ನಕ್ಕು ನೆಲಕ್ಕೆ ಬಿದ್ದೆ. “ಮಾವಾ, ಅದು ನೀರು! ದಬದಬಿ! ಶಿರಸಿ ಕಡೆ ಅದ!” ಒಳಗಿನಿಂದ ಮಾವನ ಮಗಳ ನಗೆ ಪಾತ್ರೆ ಉರುಳಿದಂತೆ ಬಂತು. ಅವ್ವ ಕಣ್ಣೊರೆಸಿಕೊಳ್ಳುತ್ತ ಬಾಗಿಲಿಗೆ ಬಂದು, “ನೀರು ಅಂತ ಮದಲ ಹೇಳಾಕ ನಿನ್ನ ಬಾಯಿಗೇನಾಗಿತ್ತೋ? ರಾತ್ರಿಯೆಲ್ಲಾ ಅತ್ತೀನಿ!” ಎಂದು ಬೈದಳು.

ಮಾವ ಮಾತ್ರ ನಗಲಿಲ್ಲ. “ಬೋನಾಳದಾಗ ಮನಿಮನಿಗೂ ಮುಟ್ಟೇದ ಸುದ್ದಿ. ಮೊದಲ ಹೆಣ್ಣಿನ ದನಿ ತಗೀತಿ. ಈಗ ಜೋಗ ಅಂದಿ. ಯಾರ್ಯಾರಿಗಿ ಬಿಡಿಸಿ ಹೇಳ್ಲಿ ನಾನು? ಹೈದ್ರಾಬಾದಿಗೆ ಹೊಂಟೀನಿ ಅನ್ನು. ಜೋಗದ ಹೆಸರು ಎತ್ತಬ್ಯಾಡ. ಆ ಹೆಣ್ಣು ದನೀನೂ ಇವತ್ತಿಗಿ ಬಿಡು. ಇಲ್ಲಂದ್ರ ನನ್ನ ಮಗಳ ಮಾತು ಇಲ್ಲಿಗಿ ಮುಗೀತು.”

ನನ್ನ ನಗೆ ಒಣಗಿತು. ಒಳಗೆ ರೊಟ್ಟಿ ಬಡಿಯುವ ಸಪ್ಪಳವೂ ನಿಂತಿತು. ಅವಳೆಂದರೆ ನನಗೆ ಇಷ್ಟ. ಈ ಮಾತನ್ನು ಯಾರ ದನಿಯಲ್ಲೂ ಹೇಳಬೇಕಾಗಿಲ್ಲ, ನನ್ನ ದನಿಯಲ್ಲೇ ಹೇಳುತ್ತೇನೆ. ಒಂದು ಸಣ್ಣ ಸುಳ್ಳು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಆ ಸುಳ್ಳು ನನಗೆ ಬೇಡವಾಯಿತು.

“ನಾ ಏನು ಕಳವು ಮಾಡಾಕ ಹೊಂಟೀನಾ ಮಾವಾ?”

“ಜನ ಜೋಗಪ್ಪ ಅಂತಾರ.”

“ಅನ್ನಲಿ! ಅದೇನು ಬೈಗಳಾ? ಮಂಗಳವಾರ ಜೋಗಪ್ಪ ಬಾಗಿಲಿಗಿ ಬಂದ್ರ ನೀನೇ ಕಾಲು ಬೀಳ್ತಿ. ಕಾಲು ಬೀಳಾಕ ಆಗ್ತದ, ಅಳಿಯಗ ಅಂದ್ರ ಕೇಳಾಕ ಆಗಂಗಿಲ್ಲಾ?”

ಮಾವನ ಮೀಸೆ ಅಲುಗಿತು. ಅವ್ವನ ಕಡೆ ತಿರುಗಿ, “ನಿನ್ನ ಮಗಗ ನೀನಾರ ಹೇಳು,” ಎಂದ.

ಅವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. “ನಿನ್ನೆ ಅಂವ ಖರೇನ ಹೊಂಟಾನ ಅಂತ ತಿಳದಿದ್ದೆ ಅಣ್ಣಾ. ಅತ್ತು ಅತ್ತು ಕಡೀಕ ಒಂದು ಮಾತು ತಿಳಕೊಂಡೆ. ಸೀರಿ ಉಟ್ಟು ಬಂದ್ರೂ ಅವಗ ಉಣ್ಣಾಕ ಇಕ್ಕೋದು ಬಿಡಂಗಿಲ್ಲ ಅಂತ. ಈಗ ಬರೇ ನೀರು ನೋಡಾಕ ಹೊಂಟಾಂವಗ ಏನು ಹೇಳ್ಲಿ ನಾನು?”

ಮಾವ ಊಟ ಮಾಡದೆ ಎದ್ದು ಹೋದ. ಮಗಳನ್ನೂ ಕರೆದುಕೊಂಡೇ ಹೋದ.

ಹೊರಡುವ ದಿನ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಅವ್ವ ದಿನಗಟ್ಟಲೆ ಕೆಡದ ಕಟಿ ರೊಟ್ಟಿಯ ಗಂಟನ್ನು ನನ್ನ ಹೆಗಲಿಗೆ ಹಾಕಿದಳು. ಬಸ್ಸು ಹತ್ತಿ ನೋಡುತ್ತೇನೆ, ಬೇವಿನ ಗಿಡದ ಕೆಳಗೆ ಮಾವ ನಿಂತಿದ್ದಾನೆ, ಪಕ್ಕದಲ್ಲಿ ಮಗಳು. ಬೋನಾಳದ ಮಂದಿಯೇ ಬಸ್ಸಿನಲ್ಲಿ ಅರ್ಧ. ನಾನು ಏನು ಹೇಳುತ್ತೇನೋ ಕೇಳಲೆಂದೇ ಮಾವ ಬಂದಿದ್ದ.

ಕಂಡಕ್ಟರ್ ನನ್ನ ಹತ್ತಿರ ಬಂದು ಗಟ್ಟಿಯಾಗಿ ಕೇಳಿದ: “ಎಲ್ಲಿಗ್ರೀ ಮಾಸ್ತರ?”

ಆ ಬಸ್ಸು ಹೋಗುವುದೇ ಯಾದಗಿರಿಗೆ. ಯಾದಗಿರಿ ಎಂದಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ಮಾವನ ಕಣ್ಣು ಅದನ್ನೇ ಬೇಡುತ್ತಿತ್ತು: ಯಾದಗಿರಿ ಅನ್ನೋ, ಅಷ್ಟೇ ಅನ್ನೋ. ಒಂದು ಗಳಿಗೆ ನನ್ನ ಬಾಯಿಯೂ ಹಾಗೇ ತಿರುಗಿತ್ತು. ಆಮೇಲೆ ಮೈಯೆಲ್ಲ ಉರಿದು ಹೋಯಿತು. ಹೆದರಿ ಹೇಳಿದ ನಿಜ ಯಾವ ಸುಳ್ಳಿಗಿಂತ ಕಡಿಮೆ? ಕಿಟಕಿಯಿಂದ ತಲೆ ಹೊರಹಾಕಿ, ಬಿಡು ಎಂದಿದ್ದನಲ್ಲ ಮಾವ, ಅದೇ ಹೆಣ್ಣಿನ ದನಿಯನ್ನು ಪೂರ್ತಿ ಏರಿಸಿ ಕೂಗಿದೆ:

“ಜೋಗಕ್ಕ ಹೊಂಟೀನ್ರೀ!”

ಬಸ್ಸಿಗೆ ಬಸ್ಸೇ ತಿರುಗಿತು. ಮುಂದಿನ ಸೀಟಿನ ಮುದುಕನೊಬ್ಬ ನನಗೆ ಕೈಮುಗಿದ. “ಅಷ್ಟು ದೂರ ನಮ್ಮ ಗಾಡಿ ಹೋಗಂಗಿಲ್ಲ, ಯಾದಗಿರಿತನ ಕುಂಡ್ರು ಯವ್ವಾ,” ಎಂದ ಕಂಡಕ್ಟರ್. ನಗೆ ಹರಿದಾಡಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವ್ವ.

ಮಾವ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. “ನಡೀ, ಊರಿಗಿ ಹೋಗಮ್.”

“ತಡೀ ಯಪ್ಪಾ, ಬಸ್ಸು ಹೋಗ್ಲಿ.”

“ಮಾತು ಮುಗೀತು ಅಂದೆನಲ್ಲ?”

“ನಿಂದು ಮುಗದಿರಬೇಕು,” ಎಂದಳು ಅವಳು.

ಬಸ್ಸು ಕೆಮ್ಮಿ, ನಡುಗಿ, ಶಹಾಪುರದ ದಾರಿ ಹಿಡಿಯುವವರೆಗೂ ಅವಳು ಕದಲಲಿಲ್ಲ. ಮಗಳನ್ನು ಬಿಟ್ಟು ಹೋಗಲಾರದೆ ಮಾವನೂ ಅಲ್ಲೇ ನಿಂತಿದ್ದ.